ಕೆಂಪು ದಾರ ಹಾಕಿದ ಜೇಬು

ಮೂರನೆಯ ಮಹಡಿಯ ಕೋರ್ಟು ಹಾಲಿನ ಹೊರಗೆ ಒಂದು ಉದ್ದನೆಯ ಬೆಂಚಿದೆ. ಅದರ ಮೇಲೆ ಯಾರೂ ಪೂರ್ತಿ ಕೂರುವುದಿಲ್ಲ. ಹೆಸರು ಕೂಗಿದ ತಕ್ಷಣ ಏಳಬೇಕಲ್ಲ ಎಂದು ಎಲ್ಲರೂ ಅಂಚಿನಲ್ಲೇ ಕೂತು ಬಾಗಿಲ ಕಡೆ ಕತ್ತು ಚಾಚಿರುತ್ತಾರೆ. ಕೋಟಕ್ಕ ಬೆಳಿಗ್ಗೆ ಒಂಬತ್ತೂವರೆಗೇ ಬಂದು ಹಾಗೆ ಕೂತಿದ್ದಳು. ಕೋರ್ಟಿನ ಹಿಂದಿನ ಬೀದಿಯಲ್ಲಿ ಅವಳ ಹೊಲಿಗೆ ಅಂಗಡಿ. ಈ ಕಟ್ಟಡದಲ್ಲಿ ಓಡಾಡುವ ಕರಿ ಕೋಟುಗಳಲ್ಲಿ ಅರ್ಧಕ್ಕರ್ಧ ಅವಳು ಹೊಲಿದವು, ಇಲ್ಲವೇ ತೇಪೆ ಹಾಕಿದವು. ಹಾಗಾಗಿ ಕೋಟಕ್ಕ ಎಂಬ ಹೆಸರೇ ಗಟ್ಟಿಯಾಗಿ, ಅಪ್ಪ ಅಮ್ಮ ಇಟ್ಟ ಹೆಸರು ಅರ್ಜಿಗಳಲ್ಲಿ ಬರೆಯುವುದಕ್ಕಷ್ಟೇ ಉಳಿದಿತ್ತು. ಅರ್ಧ ಗಂಟೆಯಲ್ಲಿ ತನ್ನ ಕೈ ದಾಟಿ ಹೋದ ಹನ್ನೊಂದು ಕೋಟುಗಳನ್ನು ಅವಳು ಎಣಿಸಿದಳು. ಮನಸ್ಸು ಬೇರೆ ಕಡೆ ಹೋಗಲಿ ಎಂದು ಎಣಿಸಿದ್ದು. ಹೋಗಲಿಲ್ಲ.

ಇವತ್ತು ನ್ಯಾಯಾಧೀಶರು ತೀರ್ಮಾನಿಸಬೇಕಾಗಿದ್ದದ್ದು ಒಂದೇ ವಿಷಯ. ಕೋಟಕ್ಕ ಹೋಟೆಲಿನವರಿಗೆ ಕೋರ್ಟು ಖರ್ಚು ಕಟ್ಟಿಕೊಡಬೇಕು ಎಂದು ಕೆಳಗಿನ ಕೋರ್ಟು ಹೇಳಿತ್ತು. ಅದು ತಪ್ಪು ಎಂದು ಮೇಲ್ಮನವಿ ಹಾಕಲು ಮೂವತ್ತು ದಿನ ಸಮಯವಿತ್ತು. ಅವಳು ಹಾಕಿದ್ದು ನೂರಮೂರನೆಯ ದಿನ. ಎಪ್ಪತ್ತಮೂರು ದಿನ ತಡ. ಆ ತಡವನ್ನು ಮನ್ನಿಸಿ ಅನುಮತಿ ಕೊಟ್ಟರೆ ಅವಳ ಮಾತು ಕೇಳುವವರು ಇರುತ್ತಾರೆ. ಕೊಡದಿದ್ದರೆ ಸೋಮವಾರ ಬೆಳಿಗ್ಗೆ ಜಪ್ತಿಯವರು ಬಂದು ಎರಡು ಹೊಲಿಗೆ ಮೆಷಿನ್ನು, ಕಾಜಾ ಮೆಷಿನ್ನು, ಇಸ್ತ್ರಿ ಟೇಬಲ್ಲು ಎಲ್ಲ ಎತ್ತಿಕೊಂಡು ಹೋಗುತ್ತಾರೆ. ಐವತ್ತೆರಡನೆಯ ವಯಸ್ಸಿನಲ್ಲಿ ಅವಳು ಯಾವುದಾದರೂ ಕಾರ್ಖಾನೆಯ ಸಾಲಿನಲ್ಲಿ ಕೂತು ದಿನವಿಡೀ ಕಾಲರು ಒಂದನ್ನೇ ಹೊಲಿಯಬೇಕಾಗುತ್ತದೆ.

ಅದಕ್ಕೂ ಅವಳು ಹೆದರಿದ್ದಳು, ಸುಳ್ಳೇಕೆ. ಆದರೆ ಬೆಂಚಿನ ಅಂಚಿನಲ್ಲಿ ಕೂತು ಅವಳು ಬೇಡಿಕೊಳ್ಳುತ್ತಿದ್ದದ್ದು ಬೇರೆ. ಕಟಕಟೆಯಲ್ಲಿ ನಿಲ್ಲಿಸಿ ಏನು ಬೇಕಾದರೂ ಕೇಳಲಿ, ಆ ಒಂದು ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬಾರದಿರಲಿ.

ಎಲ್ಲ ಶುರುವಾದದ್ದು ಹೋಟೆಲಿನವರ ನಲವತ್ತೆರಡು ಕೋಟುಗಳಿಂದ. ಬಾಗಿಲು ತೆರೆಯುವವನಿಂದ ಹಿಡಿದು ಮ್ಯಾನೇಜರನವರೆಗೆ ಎಲ್ಲರಿಗೂ ಕಂದು ಬಣ್ಣದ ಕೋಟು ಹೊಲಿಸಿಕೊಂಡವರು ದುಡ್ಡಿನ ಮಾತು ಬಂದಾಗ ತೋಳು ಉದ್ದ, ಬೆನ್ನು ಬಿಗಿ ಎಂದು ರಾಗ ಎಳೆದರು. ಅದೇ ಕೋಟು ತೊಟ್ಟುಕೊಂಡು ನಿಂತು ಹಾಗೆ ಹೇಳುವಷ್ಟು ದೊಡ್ಡ ಮನಸ್ಸು ಅವರದು. ಕೋಟಕ್ಕ ದಾವೆ ಹಾಕಿದಳು. ನಡೆಸಿದ್ದು ಅವಳ ಚಿಕ್ಕಪ್ಪ. ನಲವತ್ತು ವರ್ಷದಿಂದ ಇದೇ ಕಟ್ಟಡದಲ್ಲಿ ಸಿವಿಲ್ ಕೇಸು ನಡೆಸಿದವರು, ಅಣ್ಣನ ಮಗಳು ಫೀಸಿನ ಮಾತೆತ್ತಿದರೆ ಮುಖ ಸಿಂಡರಿಸುವವರು. ಕೇಸು ಎರಡು ವರ್ಷ ತೆವಳಿತು. ಕೊನೆಗೆ ಹೋಟೆಲಿನವರೇ ಬೇಸತ್ತು ಪೂರ್ತಿ ಬಾಕಿ ಕಟ್ಟಿದರು, ದಾವೆ ಮುಗಿಯಿತು. ಆ ದಿನ ಕೋಟಕ್ಕ ಬೀದಿಗೆಲ್ಲ ಟೀ ಕುಡಿಸಿದಳು.

ಮುಗಿದಿರಲಿಲ್ಲ. ಹೋಟೆಲಿನ ವಕೀಲರು ಒಂದು ಬಾಲ ಉಳಿಸಿಕೊಂಡಿದ್ದರು. ನಾಲ್ಕು ವಾಯಿದೆಗೆ ವಾದಿಯ ಕಡೆಯ ವಕೀಲರು ಬರಲೇ ಇಲ್ಲ, ನಾವು ಸಾಕ್ಷಿಗಳನ್ನು ಕಟ್ಟಿಕೊಂಡು ಬಂದು ಬಂದು ವಾಪಸು ಹೋಗಿದ್ದೇವೆ, ಆ ಖರ್ಚು ಅವರಿಂದ ಕೊಡಿಸಿ ಎಂಬ ಅರ್ಜಿ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ ಎಂದು ಚಿಕ್ಕಪ್ಪ ಹೇಳಿದ್ದರು, ಅವಳು ಕೆಡಿಸಿಕೊಳ್ಳಲಿಲ್ಲ. ಕೋರ್ಟು ಖರ್ಚು ಕೊಡಿಸಿಯೇ ಬಿಟ್ಟಿತು. ಎಲ್ಲ ಸೇರಿ ಅದು ಕೋಟು ಹೊಲಿದ ಕೂಲಿಗಿಂತ ಜಾಸ್ತಿಯಾಯಿತು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ. ಕೋಟಕ್ಕನ ಪಾಲಿಗೆ ಎರಡೂ ಒಟ್ಟಿಗೆ ಬಂದವು, ಮತ್ತು ಹಾಗೆ ಬಂದಿದೆ ಎನ್ನುವುದೇ ಅವಳಿಗೆ ಮೂರು ತಿಂಗಳು ಗೊತ್ತಿರಲಿಲ್ಲ. ಅದಕ್ಕೆ ಕಾರಣ ಅವಳ ಅಪ್ಪ ಹಾಕಿಕೊಟ್ಟ ಒಂದು ಪದ್ಧತಿ.

ಅಪ್ಪನ ಕಾಲದಲ್ಲಿ ಒಬ್ಬ ಗಿರಾಕಿ, ರಿಪೇರಿಗೆ ಕೊಟ್ಟ ಕೋಟಿನ ಜೇಬಿನಲ್ಲಿ ಉಂಗುರ ಇತ್ತು, ಈಗ ಇಲ್ಲ ಎಂದು ಬೀದಿಯಲ್ಲಿ ನಿಂತು ಕೂಗಾಡಿದ್ದ. ಮೂರು ದಿನದ ಮೇಲೆ ಉಂಗುರ ಅವನ ಬಚ್ಚಲುಮನೆಯ ಸೋಪಿನ ಡಬ್ಬಿಯಲ್ಲಿ ಸಿಕ್ಕಿತು. ಕ್ಷಮೆ ಕೇಳುವಾಗ ಅವನೇನೂ ಬೀದಿಯಲ್ಲಿ ನಿಂತು ಕೂಗಲಿಲ್ಲ. ಅವತ್ತಿನಿಂದ ಅಪ್ಪ ಯಾರ ಜೇಬಿಗೂ ಕೈ ಹಾಕಿದವರಲ್ಲ. ಕೋಟು ಬಂದ ಕೂಡಲೇ ಜೇಬಿನಲ್ಲಿ ಏನಾದರೂ ಇದೆಯಾ ಎಂದು ಕೇಳುವುದು, ಇದ್ದರೆ ಗಿರಾಕಿಯೇ ತೆಗೆದುಕೊಳ್ಳುವುದು, ಆಮೇಲೆ ಅವನ ಕಣ್ಣೆದುರಿಗೇ ಪ್ರತಿ ಜೇಬಿನ ಬಾಯಿಗೂ ಕೆಂಪು ದಾರದಲ್ಲಿ ಕಚ್ಚಾ ಹೊಲಿಗೆ ಹಾಕುವುದು. ವಾಪಸು ಹೋಗುವಾಗ ಆ ದಾರ ಬಿಚ್ಚುವವನೂ ಗಿರಾಕಿಯೇ. ಕೋಟಕ್ಕ ಮೂವತ್ತು ವರ್ಷದಿಂದ ಇದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಅವಳ ಅಂಗಡಿಯಲ್ಲಿ ಜೇಬಿಗೂ ಬೀಗ ಎಂದು ಕೋರ್ಟಿನ ಜನ ತಮಾಷೆ ಮಾಡುತ್ತಿದ್ದರು.

ಚಿಕ್ಕಪ್ಪ ಒಂದು ಮಧ್ಯಾಹ್ನ ತಮ್ಮ ಕೋಟು ತಂದರು. ಎಡತೋಳಿನ ಅಸ್ತರು ಹರಿದಿತ್ತು. ಕೋಟನ್ನು ಮೇಜಿನ ಮೇಲಿಟ್ಟು, ಸ್ಟೂಲಿನ ಮೇಲೆ ಕೂತು, ಅವಳು ತರಿಸಿದ ಟೀ ಕುಡಿದರು. ಕೋಟಕ್ಕ ಎಂದಿನಂತೆ ಸೂಜಿಗೆ ಕೆಂಪು ದಾರ ಪೋಣಿಸಿ ಮೂರೂ ಜೇಬುಗಳಿಗೆ ಹೊಲಿಗೆ ಹಾಕಿದಳು. ಮೊದಲು ಕೇಳಬೇಕಾದ ಮಾತನ್ನು ಮಾತ್ರ ಕೇಳಲಿಲ್ಲ. ಅಪ್ಪ ಹೋದ ಮೇಲೆ ಅಂಗಡಿಯ ಬಾಡಿಗೆ, ಅಮ್ಮನ ಆಸ್ಪತ್ರೆ, ತನ್ನ ಕಾಯಿಲೆ ಕಸಾಲೆ ಎಲ್ಲಕ್ಕೂ ಹೆಗಲು ಕೊಟ್ಟ ಮನುಷ್ಯನನ್ನು ಜೇಬಿನಲ್ಲಿ ಏನಿದೆ ಎಂದು ಕೇಳುವುದು ಹೇಗೆ? ಚಿಕ್ಕಪ್ಪನೂ ಏನೂ ಹೇಳಲಿಲ್ಲ. ಸೂಜಿ ಒಳಗೆ ಹೋಗಿ ಹೊರಗೆ ಬರುವುದನ್ನು ನೋಡುತ್ತಾ ಟೀ ಮುಗಿಸಿ ಹೋದರು.

ಆಮೇಲೆ ನಾಲ್ಕು ಸಲ ಫೋನು ಮಾಡಿದರು. ಕೋಟು ರೆಡಿಯಾ ಎಂದು ಕೇಳುವುದು, ರೆಡಿ ಇದೆ ಬನ್ನಿ ಎಂದು ಅವಳು ಹೇಳುವುದು, ಬರುತ್ತೇನೆ ಎಂದು ಇಡುವುದು. ಬರಲೇ ಇಲ್ಲ. ವಯಸ್ಸಾಯಿತು, ಇನ್ನೊಂದು ಕೋಟು ಇದೆಯಲ್ಲ ಎಂದುಕೊಂಡು ಅವಳು ಅದನ್ನು ಗೋಡೆಯ ಮೊಳೆಗೆ ತಗುಲಿಸಿದಳು.

ಮೂರು ತಿಂಗಳ ಮೇಲೆ ಅಂಗಡಿಗೆ ನೋಟೀಸು ಬಂತು. ಖರ್ಚಿನ ಹಣ ಕಟ್ಟಿ, ಇಲ್ಲವೇ ಜಪ್ತಿ. ಕೋಟಕ್ಕ ಕೈಯಲ್ಲಿದ್ದ ಕತ್ತರಿಯನ್ನೂ ಇಡದೆ ಚಿಕ್ಕಪ್ಪನ ಮನೆಗೆ ಓಡಿದಳು. ಚಿಕ್ಕಪ್ಪ ನೋಟೀಸು ಓದಿ, ಆದೇಶದ ಪ್ರತಿಯನ್ನು ಕೋಟಿನ ಒಳಜೇಬಿನಲ್ಲೇ ಇಟ್ಟು ಕೊಟ್ಟಿದ್ದೆನಲ್ಲ, ನೋಡಿ ಸಿಟ್ಟಾಗಿ ಸುಮ್ಮನಿದ್ದೀಯ ಅಂದುಕೊಂಡಿದ್ದೆ ಎಂದರು. ಬಾಗಿಲ ಹತ್ತಿರ ನಿಂತಿದ್ದ ಚಿಕ್ಕಮ್ಮ ಒಮ್ಮೆ ಅವರ ಮುಖ, ಒಮ್ಮೆ ಇವಳ ಮುಖ ನೋಡಿದರು. ಗ್ರಹಚಾರ, ಒಬ್ಬರು ಇಟ್ಟರು, ಇನ್ನೊಬ್ಬರು ನೋಡಲಿಲ್ಲ, ಇಷ್ಟೇ ಎಂದು ಕೋಟಕ್ಕ ನಂಬಿದಳು. ಅಂಗಡಿಗೆ ಬರುವವರೆಗೂ ನಂಬಿದ್ದಳು.

ಅಂಗಡಿಗೆ ಬಂದು ಕೋಟು ಇಳಿಸಿ, ಜೀವಮಾನದಲ್ಲಿ ಮೊದಲ ಸಲ ಗಿರಾಕಿಯ ಜೇಬಿನ ಕೆಂಪು ದಾರವನ್ನು ತಾನೇ ಕತ್ತರಿಸಿದಳು. ಒಳಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕಾಗದವಿತ್ತು. ವಾದಿಯ ವಕೀಲರ ಬೇಜವಾಬ್ದಾರಿಯಿಂದ ನಾಲ್ಕು ದಿನ ವ್ಯರ್ಥವಾಗಿದೆ ಎಂದು ಅದರಲ್ಲಿ ಅಚ್ಚಾಗಿತ್ತು. ಅದನ್ನು ಹಿಡಿದುಕೊಂಡೇ ಅವಳು ಸ್ಟೂಲಿನ ಕಡೆ ನೋಡಿದಳು. ಈ ಜೇಬನ್ನು ಅವಳು ಹೊಲಿಯುವಾಗ ಅವರು ಅಲ್ಲೇ ಕೂತಿದ್ದರು. ಹನ್ನೆರಡನೆಯ ವಯಸ್ಸಿಗೆ ಇದೇ ಅಂಗಡಿಯಲ್ಲಿ ಅಣ್ಣನ ಪಕ್ಕ ಕೂತು ಗುಂಡಿ ಹಚ್ಚಿದವರು, ಅಣ್ಣನ ಹೊಲಿಗೆಯ ದುಡ್ಡಿನಲ್ಲೇ ಕಾನೂನು ಓದಿದವರು. ಕೆಂಪು ದಾರ ಬಿದ್ದ ಮೇಲೆ ಈ ಹುಡುಗಿ ಸತ್ತರೂ ಆ ಜೇಬು ನೋಡುವುದಿಲ್ಲ ಎಂದು ಈ ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವರೊಬ್ಬರಿಗೇ.

ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಹೊಸ ವಕೀಲೆಗೂ ಹೇಳಲಿಲ್ಲ. ಹೊಸ ವಕೀಲೆ ಹಿಂದೆ ಚಿಕ್ಕಪ್ಪನ ಕೈಕೆಳಗೇ ಪಳಗಿದವಳು, ಚುರುಕು ಹೆಣ್ಣು. ಕಾಮಾಲೆ ಆಗಿತ್ತು ಎಂದು ಬರೆದುಬಿಡೋಣ, ಡಾಕ್ಟರ ಚೀಟಿ ನಾನು ತರಿಸುತ್ತೇನೆ ಎಂದಳು. ಈ ಕೋರ್ಟಿಗೆ ತಡವಾಗಿ ಬಂದವರಿಗೆಲ್ಲ ಕಾಮಾಲೆಯೇ, ನ್ಯಾಯಾಧೀಶರಿಗೆ ಅಭ್ಯಾಸವಾಗಿದೆ ಎಂದು ನಕ್ಕಳು. ಕೋಟಕ್ಕ ಒಪ್ಪಲಿಲ್ಲ. ಆ ಮೂರು ತಿಂಗಳು ಒಂದು ದಿನವೂ ಅಂಗಡಿ ಮುಚ್ಚಿಲ್ಲ, ಇದೇ ಕೋರ್ಟಿನ ಇಪ್ಪತ್ತು ಜನ ನನ್ನ ಕೈಗೆ ಕೋಟು ಕೊಟ್ಟು ಹೋಗಿದ್ದಾರೆ, ಹಳದಿ ಕಣ್ಣು ಯಾರೂ ನೋಡಿಲ್ಲವಲ್ಲ ಎಂದಳು. ಕೊನೆಗೆ ಪ್ರಮಾಣಪತ್ರದಲ್ಲಿ ಕೆಂಪು ದಾರದ ಕತೆಯನ್ನೇ ಬರೆದರು. ವಕೀಲರ ಕೋಟು ಅಂಗಡಿಗೆ ಬಂತು, ಜೇಬು ಹೊಲಿಯಲಾಯಿತು, ಒಳಗೆ ಆದೇಶ ಇದ್ದದ್ದು ಗೊತ್ತಾಗಲಿಲ್ಲ. ಯಾರೆದುರಿಗೆ ಹೊಲಿಯಲಾಯಿತು ಎಂದು ಬರೆಯಲಿಲ್ಲ. ಬರೆದದ್ದರಲ್ಲಿ ಸುಳ್ಳಿಲ್ಲವಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ಎರಡು ದಿನವೂ ಬಾಳಲಿಲ್ಲ.

ವಿಷಯ ಹೊರಬಿದ್ದರೆ ಚಿಕ್ಕಪ್ಪನ ವಕೀಲಿ ಸನ್ನದೇ ಹೋಗುತ್ತದೆ. ತನ್ನ ಕಕ್ಷಿಗಾರಳಿಂದಲೇ ಆದೇಶ ಮುಚ್ಚಿಟ್ಟ ವಕೀಲನನ್ನು ಯಾವ ವಕೀಲರ ಪರಿಷತ್ತು ಇಟ್ಟುಕೊಂಡೀತು? ಹೊರಬೀಳದಿದ್ದರೆ ಅಪ್ಪನ ಅಂಗಡಿ ಹೋಗುತ್ತದೋ ಏನೋ. ಅತ್ತ ದರಿ ಇತ್ತ ಪುಲಿ ಎಂಬುದನ್ನು ಅವಳು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದಳು. ಅದರ ಅರ್ಥ ಈಗ ತಿಳಿಯಿತು. ಅವಳಿಗೆ ಚಿಕ್ಕಪ್ಪನ ಮೇಲೆ ಕೆಂಡದಂಥ ಸಿಟ್ಟಿತ್ತು, ಅವರಿಗೆ ಏನೂ ಆಗಬಾರದು ಎಂಬ ಹಟವೂ ಅಷ್ಟೇ ಇತ್ತು.

ಹನ್ನೊಂದೂಕಾಲಿಗೆ ಹೆಸರು ಕೂಗಿದರು.

ಹಾಲು ಚಿಕ್ಕದು, ಕಿಟಕಿಗಳು ಎತ್ತರದಲ್ಲಿ. ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಚಿಕ್ಕಪ್ಪ ಕೂತಿದ್ದರು. ಯಾವಾಗ ಬಂದರೋ, ಅವಳು ಬರುವುದಕ್ಕೂ ಮುಂಚೆಯೇ ಬಂದಿರಬೇಕು. ಅವಳು ನೋಡಿದಾಗ ತಲೆ ಅಲ್ಲಾಡಿಸಿದರು, ಧೈರ್ಯ ಎನ್ನುವಂತೆ. ಯಾರು ಯಾರಿಗೆ ಧೈರ್ಯ ಹೇಳಬೇಕು ಎಂದು ಅವಳಿಗೆ ರೇಗಿತು.

ಹೊಸ ವಕೀಲೆ ಚುಟುಕಾಗಿ ವಾದಿಸಿದಳು. ನ್ಯಾಯಾಧೀಶರು ಪ್ರಮಾಣಪತ್ರವನ್ನು ಎರಡು ಸಲ ತಿರುವಿ ಹಾಕಿದರು. ಇಪ್ಪತ್ತು ವರ್ಷದಲ್ಲಿ ಕಾಮಾಲೆ, ಸಾವು, ಪ್ರವಾಹ ಎಲ್ಲ ಕೇಳಿದ್ದೇನೆ, ಜೇಬಿಗೆ ಹೊಲಿಗೆ ಹಾಕಿದ್ದರಿಂದ ತಡವಾಯಿತು ಎನ್ನುವುದು ಇದೇ ಮೊದಲು ಎಂದರು. ಯಾರೋ ಮೆಲ್ಲಗೆ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಎದುರು ಕಡೆಯವರು ಒಪ್ಪುತ್ತಾರಾ ಎಂದು ಕೇಳಿದರು. ಹೋಟೆಲಿನ ವಕೀಲರು ಎದ್ದು, ಒಪ್ಪುವುದಿಲ್ಲ, ಪಾಟಿ ಸವಾಲು ಮಾಡಬೇಕು ಎಂದರು. ಕೋಟಕ್ಕ ಕಟಕಟೆ ಹತ್ತಿದಳು. ಅಲ್ಲಿಯ ಮರದ ಕಂಬಿ ಜನರ ಕೈಬೆವರಿಗೆ ನುಣ್ಣಗಾಗಿತ್ತು. ಅವಳೂ ಅದನ್ನೇ ಹಿಡಿದುಕೊಂಡಳು.

ಹೋಟೆಲಿನ ವಕೀಲರು ಒಳ್ಳೆಯ ಮಾತುಗಾರರು. ಮೊದಲು ಮೃದುವಾಗಿಯೇ ಶುರುಮಾಡಿದರು. ಅಂಗಡಿ ಎಷ್ಟು ವರ್ಷದ್ದು, ದಿನಕ್ಕೆ ಎಷ್ಟು ಕೋಟು ಬರುತ್ತವೆ, ಇಸ್ತ್ರಿ ಮಾಡುವಾಗ ಜೇಬಿನಲ್ಲಿ ಕಾಗದ ಇದ್ದರೆ ಕೈಗೆ ಗೊತ್ತಾಗುವುದಿಲ್ಲವೇ. ಗೊತ್ತಾಗುತ್ತದೆ ಎಂದಳು ಕೋಟಕ್ಕ, ಎಷ್ಟೋ ಜನರ ಜೇಬಿನಲ್ಲಿ ಕಾಗದ ಇರುತ್ತದೆ, ಅದು ನನ್ನ ಕೆಲಸವಲ್ಲ. ಆಗ ಅವರು ಹಾಲಿನ ಕಡೆ ತಿರುಗಿ ದನಿ ಏರಿಸಿದರು. ಗಿರಾಕಿಯ ಜೇಬು ಮುಟ್ಟದ ದರ್ಜಿ ಎಂದರೆ ಇಲಿ ಮುಟ್ಟದ ಬೆಕ್ಕು ಎಂದಹಾಗೆ, ಕೇಳಲು ಚೆನ್ನಾಗಿದೆ, ನಂಬುವವರು ಯಾರು? ಈ ಪದ್ಧತಿಯನ್ನೇ ಈ ಅರ್ಜಿಗಾಗಿ ಹುಟ್ಟಿಸಿಕೊಂಡಿದ್ದಾರೆ ಎಂದರು.

ಕಳ್ಳಿ ಎಂದ ಹಾಗಾಯಿತು ಕೋಟಕ್ಕನಿಗೆ. ಬೀದಿಯಲ್ಲಿ ಅಪ್ಪನನ್ನು ನಿಲ್ಲಿಸಿ ಅಂದ ಮಾತು ಅದೇ. ಅವಳು ಯೋಚನೆಯನ್ನೇ ಮಾಡಲಿಲ್ಲ.

"ನೀವು ತೊಟ್ಟಿರೋ ಕೋಟು ನಾನೇ ರಿಪೇರಿ ಮಾಡಿದ್ದು ಸ್ವಾಮಿ," ಎಂದಳು. "ಹೋದ ವರ್ಷ ಕಾಲರು ತಿರುಗಿಸಿ ಹಾಕಿದೆ. ಜೇಬಿನ ಕೆಂಪು ದಾರ ನೀವೇ ಬಿಚ್ಚಿಕೊಂಡ್ರಿ. ಬಿಚ್ಚೋವಾಗ ಬೈದೂ ಬೈದ್ರಿ."

ಹಾಲು ಗೊಳ್ಳೆಂದಿತು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಳ್ಳುವ ನೆಪದಲ್ಲಿ ತುಟಿ ಮುಚ್ಚಿಕೊಂಡರು. ಹೊಸ ವಕೀಲೆಯ ಮುಖ ಅರಳಿತು. ಪದ್ಧತಿ ಉಂಟೋ ಇಲ್ಲವೋ ಎಂಬುದಕ್ಕೆ ಎದುರು ಕಡೆಯ ವಕೀಲರ ಕೋಟೇ ಸಾಕ್ಷಿಯಾಯಿತಲ್ಲ. ಕೋಟಕ್ಕನಿಗೂ ಒಂದು ಗಳಿಗೆ ಗೆದ್ದೆ ಅನ್ನಿಸಿತು.

ಹೋಟೆಲಿನ ವಕೀಲರು ಮಾತ್ರ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಏನನ್ನೋ ನೆನಪು ಮಾಡಿಕೊಳ್ಳುವವರ ಹಾಗೆ ಬಲಗೈಯಿಂದ ತಮ್ಮ ಜೇಬನ್ನು ಒಮ್ಮೆ ಸವರಿದರು. ಆಮೇಲೆ ನಿಧಾನವಾಗಿ ಕಟಕಟೆಯ ಹತ್ತಿರ ಬಂದರು.

"ಸರಿಯಮ್ಮ, ನನ್ನ ತಪ್ಪು, ಒಪ್ಕೊಂಡೆ. ಪದ್ಧತಿ ಇದೆ. ದಾರ ಹಾಕಿದ್ದೂ ನನ್ನ ಎದುರಿಗೇ, ಅಲ್ವಾ?"

"ಹೌದು."

"ಎಲ್ರಿಗೂ ಅವರವರ ಎದುರಿಗೇ ಹಾಕ್ತೀರಾ?"

"ಹೌದು."

"ಹಾಗಾದ್ರೆ ಈ ಕೋಟಿನ ಜೇಬಿಗೆ ಯಾರ ಎದುರಿಗೆ ಹಾಕಿದ್ರಿ?"

ಬೇಡ ಬೇಡ ಎಂದುಕೊಂಡ ಪ್ರಶ್ನೆಯನ್ನು ಅವಳೇ ಕೈಹಿಡಿದು ಕರೆತಂದಿದ್ದಳು. ಬಾಯಿಗೆ ಹೊಲಿಗೆ ಹಾಕುವ ಪದ್ಧತಿಯನ್ನು ಅಪ್ಪ ಕಲಿಸಿರಲಿಲ್ಲ.

ಅವಳು ಕೊನೆಯ ಸಾಲಿನ ಕಡೆ ನೋಡಿದಳು. ಚಿಕ್ಕಪ್ಪ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಎದ್ದೇಳಿ, ನೀವೇ ಹೇಳಿ, ನನ್ನ ಬಾಯಿಂದ ಹೇಳಿಸ್ಬೇಡಿ ಎಂದು ಅವಳ ಜೀವ ಕೂಗುತ್ತಿತ್ತು. ಅವರು ಏಳಲಿಲ್ಲ. ನೆನಪಿಲ್ಲ ಎಂದರೆ ಮುಗಿಯಿತು, ಯಾರೂ ಇರಲಿಲ್ಲ ಎಂದರೂ ಮುಗಿಯಿತು. ನಾಲಿಗೆಯ ತುದಿಗೆ ಎರಡೂ ಬಂದವು. ಸತ್ಯ ಹೇಳುತ್ತೇನೆ ಎಂದು ಪ್ರಮಾಣ ಮಾಡಿ ಹತ್ತು ನಿಮಿಷವೂ ಆಗಿರಲಿಲ್ಲ. ನ್ಯಾಯಾಧೀಶರು ಪೆನ್ನು ಎತ್ತಿ ಹಿಡಿದು, ಉತ್ತರ ಕೊಡಿ ಎಂದರು.

"ನಮ್ಮ ಚಿಕ್ಕಪ್ಪ," ಎಂದಳು. "ವಕೀಲರು. ಅಲ್ಲೇ ಕೂತು ಟೀ ಕುಡೀತಿದ್ರು."

ಹೊಸ ವಕೀಲೆಯ ಕೈಯಲ್ಲಿದ್ದ ಫೈಲು ಮೇಜಿನ ಮೇಲೆ ಬಿತ್ತು. ಹಾಲಿನಲ್ಲಿ ಎಲ್ಲರ ತಲೆಯೂ ಒಟ್ಟಿಗೆ ಹಿಂದೆ ತಿರುಗಿತು. ನ್ಯಾಯಾಧೀಶರು ಚಿಕ್ಕಪ್ಪನನ್ನು ಮುಂದೆ ಬರಲು ಹೇಳಿದರು. ಅವರು ಬೆಂಚುಗಳನ್ನು ಒಂದೊಂದಾಗಿ ಹಿಡಿದುಕೊಂಡು ಬಂದರು. ಕೋಟಕ್ಕ ಕಟಕಟೆಯಿಂದ ಇಳಿಯುವಾಗ ಇಬ್ಬರೂ ಒಂದು ಗೇಣಿನ ದೂರದಲ್ಲಿ ಹಾದುಹೋದರು. ಅವಳಿಗೆ ಮುಖ ಎತ್ತಲಾಗಲಿಲ್ಲ.

ಹೋಟೆಲಿನ ವಕೀಲರು ಅವರಿಗೆ ತಲೆಬಾಗಿ ವಂದಿಸಿದರು. ಎಷ್ಟಾದರೂ ಹಿರಿಯರು, ಇದೇ ಹಾಲಿನಲ್ಲಿ ಎಷ್ಟೋ ಜನರಿಗೆ ಪಾಠ ಹೇಳಿದವರು. ವಂದನೆ ನಿಜವಾದದ್ದೇ, ಅದರೊಳಗೆ ಲೆಕ್ಕವೂ ಇತ್ತು. ಕೆಲಸದ ಗಡಿಬಿಡಿ, ವಯಸ್ಸು, ಆದೇಶ ಜೇಬಿನಲ್ಲಿರುವುದು ಆ ಹೊತ್ತಿಗೆ ಮರೆತುಹೋಗಿರಬಹುದು, ಯಾರಿಗಾದರೂ ಆಗುವಂಥದ್ದು, ಅಲ್ಲವೇ ಎಂದು ಅವರು ವಿನಯದಿಂದ ಕೇಳಿದರು. ಹೌದು ಎಂದುಬಿಟ್ಟರೆ ಚಿಕ್ಕಪ್ಪನಿಗೆ ಯಾವ ಕಳಂಕವೂ ಇಲ್ಲ, ಮರೆವು ಅಪರಾಧವಲ್ಲ. ಕೋಟಕ್ಕನ ಅರ್ಜಿ ಮಾತ್ರ ಅಲ್ಲಿಗೇ ಸತ್ತಹಾಗೆ. ವಕೀಲ ಮರೆತದ್ದಕ್ಕೆ ಕಕ್ಷಿಗಾರನೇ ಹೊಣೆ ಎಂದು ಹೇಳುವ ಹತ್ತು ತೀರ್ಪುಗಳನ್ನು ಹೋಟೆಲಿನವರು ಮೊದಲೇ ಕಟ್ಟಿ ತಂದಿದ್ದರು. ಏಣಿ ಇಟ್ಟಾಗಿತ್ತು. ಇಳಿಯುವುದೊಂದು ಬಾಕಿ.

ಚಿಕ್ಕಪ್ಪ ಏಣಿಯ ಕಡೆ ನೋಡಲಿಲ್ಲ, ಅಣ್ಣನ ಮಗಳ ಕಡೆ ನೋಡಿದರು.

"ಮರೆತಿರ್ಲಿಲ್ಲ," ಎಂದರು.

ಹೋಟೆಲಿನ ವಕೀಲರು ಮತ್ತೆ ಏನೋ ಹೇಳಹೋದರು. ನ್ಯಾಯಾಧೀಶರು ಕೈ ಎತ್ತಿ ತಡೆದರು. ಮುಂದುವರಿಯುವ ಮುಂಚೆ ಯೋಚನೆ ಮಾಡಿ, ಇದನ್ನು ಬರೆದುಕೊಂಡರೆ ನಿಮ್ಮ ಸನ್ನದಿಗೆ ಏನಾಗುತ್ತದೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ ಎಂದರು. ಬರೆದುಕೊಳ್ಳಿ ಎಂದರು ಚಿಕ್ಕಪ್ಪ.

ಅವರು ಹೇಳಿದ್ದನ್ನು ಬೆರಳಚ್ಚಿನ ಹುಡುಗಿ ಟಕಟಕ ಕುಟ್ಟುತ್ತಾ ಹೋದಳು. ಎರಡು ವರ್ಷದ ಹಿಂದೆ, ದಾವೆ ನಡೆಯುತ್ತಿದ್ದ ಕೋರ್ಟನ್ನೂ ನೆಲಮಹಡಿಯಿಂದ ಇದೇ ಮೂರನೆಯ ಮಹಡಿಗೆ ಸಾಗಿಸಿದರು. ಲಿಫ್ಟಿಲ್ಲ. ಮೊಣಕಾಲು ಹೋಗಿದೆ, ಎದೆಯಲ್ಲಿ ಉಸಿರು ನಿಲ್ಲುವುದಿಲ್ಲ. ಹತ್ತು ಗಂಟೆಗೆ ಕೆಳಗಿನಿಂದ ಹೊರಟರೆ ಎರಡನೆಯ ಮಹಡಿ ದಾಟಿದ ಮೇಲೆ ಮೆಟ್ಟಿಲ ಮೇಲೆ ಕೂತುಬಿಡಬೇಕು. ಆ ನಾಲ್ಕು ವಾಯಿದೆಗೂ ಅವರು ಕಟ್ಟಡದ ಒಳಗೇ ಇದ್ದರು. ಮೆಟ್ಟಿಲ ಮೇಲೆ ಕೂತಲ್ಲಿಗೆ ಹೆಸರು ಕೂಗುವುದು ಕೇಳಿಸುತ್ತಿತ್ತು, ಏಳಲು ಆಗುತ್ತಿರಲಿಲ್ಲ. ಮೆಟ್ಟಿಲು ಹತ್ತಲಾಗದ ವಕೀಲನಿಗೆ ಯಾರು ಕೇಸು ಕೊಡುತ್ತಾರೆ ಎಂದು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಆದೇಶದಲ್ಲಿ ಬೇಜವಾಬ್ದಾರಿ ಎಂಬ ಮಾತನ್ನು ಓದಿದ ಮೇಲೆ ಅದನ್ನು ಅವಳ ಕೈಗೆ ಕೊಡಲು ಅಂಗಡಿಯವರೆಗೆ ಹೋದರು. ಅವಳು ದಾರ ಪೋಣಿಸಿದಳು. ತಡೆಯಲಿಲ್ಲ.

"ಹೊಲಿಗೆ ಬಿದ್ದಾಗ ನೆಮ್ಮದಿ ಆಯ್ತು ಸ್ವಾಮಿ, ಅದನ್ನೂ ಬರ್ಕೊಳ್ಳಿ. ಇವತ್ತು ಹೇಳೋದು ತಪ್ಪಿತು ಅಂತ. ಫೋನ್ ಮಾಡಿ ಕೋಟು ರೆಡಿಯಾ ಅಂತ ಕೇಳ್ತಿದ್ದೆ, ಅವಳ ದನಿ ಎಂದಿನ ಹಾಗೇ ಇದ್ರೆ ಬಿಚ್ಚಿಲ್ಲ ಅಂತ ಅರ್ಥ. ಮೊದಲು ಹೇಳೋಕೆ ನಾಚಿಕೆ ಆಯ್ತು. ಮೂವತ್ತು ದಿನ ಕಳೆದ ಮೇಲೆ ಹೆದರಿಕೆ ಆಯ್ತು. ಅವಳದೇನೂ ತಪ್ಪಿಲ್ಲ. ಅವಳು ಆ ಜೇಬು ಬಿಚ್ಚೋದಿಲ್ಲ ಅಂತ ಗೊತ್ತಿದ್ದೇ ನಾನು ಕೂತಿದ್ದೆ."

ಹೋಟೆಲಿನ ವಕೀಲರು, ತಮ್ಮ ಹತ್ತು ತೀರ್ಪುಗಳ ಮೇಲೆ ಕೈ ಇಟ್ಟುಕೊಂಡು, ಇನ್ನು ಪ್ರಶ್ನೆಗಳಿಲ್ಲ ಎಂದರು.

ನ್ಯಾಯಾಧೀಶರು ಅಲ್ಲೇ ಆದೇಶ ಹೇಳಿ ಬರೆಸಿದರು. ವಕೀಲನ ಮರೆವಿಗೆ ಕಕ್ಷಿಗಾರ ಹೊಣೆಯಾಗಬಹುದು, ಆದರೆ ವಕೀಲನೇ ಬೇಕೆಂದು ಮುಚ್ಚಿಟ್ಟದ್ದಕ್ಕೆ ಆಗಲಾರ. ಆದೇಶ ಅವಳ ಕೈಗೆ ಸಿಕ್ಕಿದ್ದು ದಾರ ಕತ್ತರಿಸಿದ ದಿನ, ಲೆಕ್ಕ ಅಲ್ಲಿಂದ. ಎಪ್ಪತ್ತಮೂರು ದಿನದ ತಡವನ್ನು ಮನ್ನಿಸಲಾಗಿದೆ, ಮೇಲ್ಮನವಿಗೆ ಅನುಮತಿ ಇದೆ, ಅದು ಮುಗಿಯುವವರೆಗೆ ಜಪ್ತಿ ಇಲ್ಲ. ಅಷ್ಟು ಹೇಳಿ ತುಸು ತಡೆದರು. ವಕೀಲರ ಹೇಳಿಕೆಯ ಪ್ರತಿಯನ್ನು ವಕೀಲರ ಪರಿಷತ್ತಿನ ಶಿಸ್ತು ಸಮಿತಿಗೆ ಕಳಿಸತಕ್ಕದ್ದು ಎಂದು ಬರೆಸುವಾಗ ಅವರ ದನಿ ತಗ್ಗಿತ್ತು. ಮುಂದಿನ ಕೇಸಿನ ಹೆಸರು ಕೂಗಿದರು.

ಹೊಸ ವಕೀಲೆ ಹೊರಗೆ ಬಂದು ಕೋಟಕ್ಕನ ಕೈ ಹಿಡಿದುಕೊಂಡಳು. ಗೆದ್ದೆವು ಎನ್ನಲು ಬಾಯಿ ತೆರೆದವಳು ಸುಮ್ಮನಾದಳು. ತನಗೆ ಕೋಟು ಹಾಕಿಕೊಂಡು ನಿಲ್ಲಲು ಕಲಿಸಿದವರ ವಿರುದ್ಧವಾಗಿ ಬಂದ ಗೆಲುವು ಅದು. ನಕಲು ಪ್ರತಿಗೆ ಅರ್ಜಿ ಹಾಕಿ ಬರುತ್ತೇನೆ ಎಂದು ಮುಖ ಆಚೆ ತಿರುಗಿಸಿಕೊಂಡು ಹೋದಳು.

ಕೋಟಕ್ಕ ಮೆಟ್ಟಿಲಿಳಿದಳು. ಒಂದು ತಿರುವು ಇಳಿದದ್ದೇ ಚಿಕ್ಕಪ್ಪ ಕಂಡರು. ಗೋಡೆಯ ಬದಿಗೆ ಮೆಟ್ಟಿಲ ಮೇಲೆ ಕೂತು ಉಸಿರು ಎಳೆದುಕೊಳ್ಳುತ್ತಿದ್ದರು. ಫೈಲು ಹಿಡಿದ ಜನ ಅವರನ್ನು ಬಳಸಿಕೊಂಡು ಹತ್ತಿ ಇಳಿಯುತ್ತಿದ್ದರು. ಅವಳು ದಾಟಿ ಹೋಗಿಬಿಡಬೇಕು ಎಂದುಕೊಂಡಳು, ಎರಡು ಮೆಟ್ಟಿಲು ಇಳಿದೂ ಇಳಿದಳು. ಆಮೇಲೆ ವಾಪಸು ಬಂದು ಪಕ್ಕದಲ್ಲಿ ಕೂತಳು.

ಅವರ ಉಸಿರು ಒಂದು ಹದಕ್ಕೆ ಬಂತು.

"ಅವತ್ತೇ ಹೇಳಿದ್ರೆ ಏನ್ಮಾಡ್ತಿದ್ದೆ ನೀನು?" ಎಂದು ಚಿಕ್ಕಪ್ಪ ಕೇಳಿದರು.

"ಬೈತಿದ್ದೆ."

"ಆಮೇಲೆ?"

"ಆಮೇಲೆ ಏನು? ಅರ್ಧ ಗಂಟೆ ಬೈತಿದ್ದೆ ಚಿಕ್ಕಪ್ಪ. ಅಷ್ಟೇ."

ಚಿಕ್ಕಪ್ಪ ತಲೆ ತಗ್ಗಿಸಿದರು. ಅರ್ಧ ಗಂಟೆಯ ಬೈಗುಳಕ್ಕೆ ಹೆದರಿ ನಲವತ್ತು ವರ್ಷದ ಹೆಸರು ಕಳೆದುಕೊಂಡ ಮನುಷ್ಯ ಈ ಮೆಟ್ಟಿಲ ಮೇಲೆ ಇನ್ನೊಬ್ಬನಿರಲಿಲ್ಲ. ಅವರ ಭುಜ ಅಲುಗುತ್ತಿತ್ತು. ಕೋಟಕ್ಕನಿಗೆ ಕರುಣೆ ಬಂತು, ಅದರ ಹಿಂದೆಯೇ ಇಷ್ಟು ದಿನ ನುಂಗಿಕೊಂಡ ಸಿಟ್ಟೂ ಬಂತು.

"ಹಾಗಾದ್ರೆ ಈಗ ಬೈದುಬಿಡು," ಎಂದರು ಅವರು.

ಅವಳು ಬೈಯತೊಡಗಿದಳು. ಮೊದಲು ದನಿ ನಡುಗಿತು, ಆಮೇಲೆ ನಡುಗಲಿಲ್ಲ. ಮೆಟ್ಟಿಲ ವಿಷಯ ಮುಚ್ಚಿಟ್ಟದ್ದಕ್ಕೆ ಬೈದಳು, ಚಿಕ್ಕಮ್ಮನಿಗೆ ಹೇಳದ್ದಕ್ಕೆ ಬೈದಳು, ನಾಲ್ಕು ಸಲ ಫೋನು ಮಾಡಿದ್ದಕ್ಕೆ ಒಂದೊಂದು ಸಲಕ್ಕೂ ಬೇರೆ ಬೇರೆಯಾಗಿ ಬೈದಳು. ಕಟಕಟೆಯಲ್ಲಿ ನಾನು ನಿಮ್ಮ ಕಡೆ ನೋಡಿದಾಗ ಯಾಕೆ ಏಳಲಿಲ್ಲ ಎಂದು ಕೇಳುವಾಗ ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಹತ್ತಿ ಇಳಿಯುವ ಕರಿ ಕೋಟುಗಳು ನಿಂತು ನೋಡಿ ಮುಂದೆ ಹೋದವು. ಹೊಸ ವಕೀಲೆ ನಕಲಿನ ರಸೀದಿ ಹಿಡಿದು ಬಂದವಳು ಮೇಲಿನ ಮೆಟ್ಟಿಲಲ್ಲೇ ನಿಂತುಕೊಂಡಳು. ಅರ್ಧ ಗಂಟೆ ಯಾವಾಗಲೋ ಆಗಿಹೋಗಿತ್ತು. ಅವಳು ನಿಲ್ಲಿಸಲಿಲ್ಲ, ಅವರೂ ಏಳಲಿಲ್ಲ.